ಎಂಜಿನ್ನಿನ ಒರೆಗಲ್ಲು

ನಂದಿದುರ್ಗ ಎಂದೊಡನೆ ನಾಡಿನ ಬಹುಮಂದಿಗೆ ಬೆಟ್ಟವೊಂದು ಕಣ್ಣಿಗೆ ಕಟ್ಟುತ್ತದೆ. ಕೋಲಾರ ಚಿನ್ನದ ಗಣಿಯ ಸೀಮೆಯವರಿಗೆ ಮಾತ್ರ ನಂದಿದುರ್ಗವೆಂದರೆ ಹತ್ತುವ ಬೆಟ್ಟವಲ್ಲ, ಇಳಿಯುವ ಗಣಿ. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ನಾಲ್ಕು ಹೆಸರುಗಳನ್ನು ಅಲ್ಲಿಯ ಮಕ್ಕಳು ನಾಲ್ಕು ದಿಕ್ಕುಗಳಂತೆ ಕಲಿತು ಬೆಳೆದರು. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದವು. ಅಂದಿನಿಂದ ಆ ಊರಿನ ದುಡಿಯುವ ಜನ ಪಾಳಿಗೆ ನೆಲದೊಳಗೆ ಇಳಿಯುವ ಬದಲು ಬೆಂಗಳೂರಿನ ರೈಲು ಹತ್ತತೊಡಗಿದರು. ಕೆಲವರು ಮನೆಯ ಹತ್ತಿರದ ನಿಲ್ದಾಣದಲ್ಲೇ ಹತ್ತುತ್ತಾರೆ. ಇನ್ನು ಕೆಲವರು, ರೈಲುಗಳು ಹೆಚ್ಚಾಗಿ ಸಿಗುವ ಬಂಗಾರಪೇಟೆಯವರೆಗೆ ಕತ್ತಲಲ್ಲೇ ಮೋಟಾರ್ ಸೈಕಲ್ ಓಡಿಸಿಕೊಂಡು ಹೋಗುತ್ತಾರೆ.

ಹಾಗೆ ಹೋಗುವ ಒಬ್ಬ ಯುವಕ ನನಗೆ ಪರಿಚಿತ. ಅವನದು ತಂದೆಯಿಂದ ಬಂದ ಯೆಜ್ಡಿ ರೋಡ್‌ಕಿಂಗ್. ೧೯೬೧ರಿಂದ ೧೯೯೬ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಗಾಡಿಗಳ ಬಳಗಕ್ಕೆ ಸೇರಿದ್ದು. ಪೆಟ್ರೋಲ್ ಹೆಚ್ಚು ಕುಡಿಯುತ್ತದೆಂದು ಅವನು ಕಾರ್ಬ್ಯುರೇಟರಿನ ಮುಖ್ಯ ಜೆಟ್ಟನ್ನು ತೆಗೆಸಿ ಕಿರಿದಾದುದನ್ನು ಹಾಕಿಸಿದ. ಮೈಲೇಜು ಹೇಳಿಕೊಳ್ಳುವಷ್ಟೇನೂ ಏರಲಿಲ್ಲ. ಒಂದು ಮುಂಜಾನೆ ರೈಲಿಗೆ ತಡವಾಯಿತೆಂದು ಪೂರ್ಣ ವೇಗದಲ್ಲಿ ಹೋಗುತ್ತಿದ್ದಾಗ ಎಂಜಿನ್ನು ಇದ್ದಕ್ಕಿದ್ದಂತೆ ಹಿಡಿದುಕೊಂಡಿತು. ಹಿಂದಿನ ಚಕ್ರ ತಿರುಗದೆ ರಸ್ತೆಯ ಮೇಲೆ ಉಜ್ಜಿಕೊಂಡು ಹೋಯಿತು. ಕೈ ತಾನಾಗಿ ಕ್ಲಚ್ಚನ್ನು ಹಿಡಿದದ್ದರಿಂದ ಅವನು ಉಳಿದ. ಸಿಲಿಂಡರನ್ನು ಕೊರೆಸಿ ಹೊಸ ಪಿಸ್ಟನ್ ಹಾಕಿಸಿದ ಮೇಲೆ, ಈ ಸಲ ಅಂದಾಜು ಬೇಡ, ಅಳತೆಯೇ ಆಗಲಿ ಎಂದು ಬೆಂಗಳೂರಿನ ಕಾರ್ಯಾಗಾರವೊಂದಕ್ಕೆ ಹೋಗಿ ಗಾಡಿಯನ್ನು ಡೈನೋ ಪರೀಕ್ಷೆಗೆ ಒಡ್ಡಿದ. ಬಂದವನು ನನ್ನ ಮುಂದೆ ಒಂದು ಹಾಳೆ ಹಿಡಿದು, 'ಸಾರ್, ಕಂಪನಿಯವರು ಹದಿನಾರು ಕುದುರೆ ಅಂದಿದ್ದರು. ಇಲ್ಲಿ ಹನ್ನೆರಡೂವರೆ ಇದೆ. ಮಿಕ್ಕ ಕುದುರೆಗಳು ಎಲ್ಲಿ ಹೋದವು?' ಎಂದು ಕೇಳಿದ.

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಡೈನಮೋಮೀಟರ್ ಎಂಬ ಯಂತ್ರದ ಗುಣವೂ ಅದರ ಮಿತಿಯೂ ನಮಗೆ ತಿಳಿಯುತ್ತವೆ.

ಮೊದಲು ಕುದುರೆಯ ವಿಚಾರ. ಉಗಿಯಂತ್ರವನ್ನು ಸುಧಾರಿಸಿದ ಜೇಮ್ಸ್ ವಾಟ್ ತನ್ನ ಯಂತ್ರಗಳನ್ನು ಕೊಳ್ಳುವವರಿಗೆ ಅರ್ಥವಾಗಲೆಂದು ಕುದುರೆಯ ದುಡಿಮೆಯನ್ನು ಮಾನವಾಗಿ ಇಟ್ಟುಕೊಂಡ. ಇಂದಿನ ಲೆಕ್ಕದಲ್ಲಿ ಒಂದು ಅಶ್ವಶಕ್ತಿಯೆಂದರೆ ೭೪೬ ವಾಟ್. ಸುಮಾರು ೭೬ ಕಿಲೋಗ್ರಾಂ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತುವ ಸಾಮರ್ಥ್ಯ. ಗಣಿಯ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೊಟ್ಟಿಲಲ್ಲಿ ಎಷ್ಟು ಮಂದಿ, ಎಷ್ಟು ಆಳದಿಂದ, ಎಷ್ಟು ಹೊತ್ತಿನಲ್ಲಿ ಮೇಲೆ ಬಂದರು ಎಂಬುದೇ ಅಲ್ಲಿ ಶಕ್ತಿಯ ಲೆಕ್ಕ. ಆ ಶಕ್ತಿಗಾಗಿಯೇ ೧೯೦೨ರಲ್ಲಿ ಶಿವನಸಮುದ್ರದಿಂದ ಸುಮಾರು ೧೪೭ ಕಿಲೋಮೀಟರ್ ದೂರ ತಂತಿ ಎಳೆದು ಚಿನ್ನದ ಗಣಿಗೆ ವಿದ್ಯುತ್ತನ್ನು ತಂದರು.

ಎಂಜಿನ್ನಿನ ಶಕ್ತಿಯನ್ನು ನೇರವಾಗಿ ತೂಗುವ ತಕ್ಕಡಿ ಇಲ್ಲ. ಅಳೆಯಬಹುದಾದವು ಎರಡು: ಅಚ್ಚನ್ನು ತಿರುಗಿಸುವ ಬಲ, ಅಂದರೆ ಟಾರ್ಕ್, ಮತ್ತು ಅದು ನಿಮಿಷಕ್ಕೆ ಸುತ್ತುವ ಸುತ್ತುಗಳು. ಎರಡನ್ನೂ ಗುಣಿಸಿದರೆ ಶಕ್ತಿ. ಟಾರ್ಕನ್ನು ನ್ಯೂಟನ್-ಮೀಟರಿನಲ್ಲಿ ಹಿಡಿದು, ಸುತ್ತುಗಳಿಂದ ಗುಣಿಸಿ, ೯೫೪೯ರಿಂದ ಭಾಗಿಸಿದರೆ ಕಿಲೋವಾಟ್ ದೊರೆಯುತ್ತದೆ. ನಿಮಿಷಕ್ಕೆ ೪೭೫೦ ಸುತ್ತಿನಲ್ಲಿ ೨೪ ನ್ಯೂಟನ್-ಮೀಟರ್ ಟಾರ್ಕ್ ಕೊಡುವ ಎಂಜಿನ್ನಿನ ಶಕ್ತಿ ಸುಮಾರು ೧೨ ಕಿಲೋವಾಟ್, ಎಂದರೆ ೧೬ ಅಶ್ವಶಕ್ತಿ.

ತಿರುಗುವುದನ್ನು ತಡೆದು ನೋಡದೆ ಅದರ ಬಲ ತಿಳಿಯದು. ಫ್ರಾನ್ಸಿನ ಪ್ರೋನಿ ೧೮೨೦ರ ದಶಕದಲ್ಲಿ ತಿರುಗುವ ಅಚ್ಚನ್ನು ಮರದ ಹಿಡಿಕೆಗಳಿಂದ ಬಿಗಿದು, ಆ ಬಿಗಿತ ಎಷ್ಟು ಭಾರಕ್ಕೆ ಸಮವೆಂದು ತೂಗಿದ. ೧೮೭೭ರಲ್ಲಿ ಇಂಗ್ಲೆಂಡಿನ ವಿಲಿಯಂ ಫ್ರೌಡ್ ಮರದ ಬದಲು ನೀರಿನ ತಡೆಯನ್ನು ಬಳಸಿದ. ಇಂದು ಮೋಟಾರ್ ಸೈಕಲ್ ಪರೀಕ್ಷೆಗೆ ಬಳಸುವ ಡೈನೋದಲ್ಲಿ ಹಿಂದಿನ ಚಕ್ರವನ್ನು ಒಂದು ಉರುಳೆಯ ಮೇಲೆ ನಿಲ್ಲಿಸುತ್ತಾರೆ. ಒಂದು ಬಗೆಯಲ್ಲಿ ಉರುಳೆ ಬಹಳ ಭಾರವಾಗಿದ್ದು, ಅದು ಎಷ್ಟು ಬೇಗ ವೇಗ ಪಡೆಯಿತೆಂಬುದರಿಂದ ಶಕ್ತಿಯನ್ನು ಲೆಕ್ಕ ಹಾಕುತ್ತಾರೆ. ಇನ್ನೊಂದು ಬಗೆಯಲ್ಲಿ ಉರುಳೆಗೆ ವಿದ್ಯುತ್ ತಡೆಯನ್ನು ಜೋಡಿಸಿ, ಗಾಡಿಯನ್ನು ಬೇಕಾದ ವೇಗದಲ್ಲಿ, ಬೇಕಾದ ಹೊರೆಯಲ್ಲಿ ನಿಲ್ಲಿಸಿ ಅಳೆಯುತ್ತಾರೆ. ಈ ಭೇದವನ್ನು ನೆನಪಿನಲ್ಲಿಡೋಣ, ಮುಂದೆ ಬೇಕಾಗುತ್ತದೆ.

ಈಗ ನಮ್ಮ ಯುವಕನ ಕಾಣೆಯಾದ ಕುದುರೆಗಳನ್ನು ಹುಡುಕೋಣ. ಕಂಪನಿಯ ಹದಿನಾರು ಎಂಜಿನ್ನಿನ ಅಚ್ಚಿನಲ್ಲಿ ಅಳೆದದ್ದು. ಹಾಳೆಯ ಹನ್ನೆರಡೂವರೆ ಚಕ್ರದಲ್ಲಿ ಅಳೆದದ್ದು. ನಡುವೆ ಗೇರು, ಚೈನು, ಟೈರುಗಳು ನೂರಕ್ಕೆ ಹತ್ತರಿಂದ ಹದಿನೈದರಷ್ಟನ್ನು ತಮ್ಮ ಸುಂಕವಾಗಿ ಕಳೆದುಕೊಳ್ಳುತ್ತವೆ. ಎರಡನೆಯ ಸುಂಕ ಗಾಳಿಯದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೨೦ ಮೀಟರ್, ಚಿನ್ನದ ಗಣಿ ಸುಮಾರು ೮೫೦ ಮೀಟರ್ ಎತ್ತರದಲ್ಲಿವೆ. ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಹತ್ತನೆಯ ಒಂದು ಪಾಲಿನಷ್ಟು ಕಡಿಮೆ. ಎಂಜಿನ್ನಿನ ಉಸಿರೂ ಅಷ್ಟೇ ಕಡಿಮೆ. ಮೂರು ಕಿಲೋಮೀಟರಿಗೂ ಆಳಕ್ಕೆ ಹೋದ ಚಾಂಪಿಯನ್ ರೀಫ್ ಗಣಿಯ ತಳದಲ್ಲಿ ಇದಕ್ಕೆ ತದ್ವಿರುದ್ಧ. ಆ ತಳ ಸಮುದ್ರಮಟ್ಟಕ್ಕಿಂತ ಎರಡು ಕಿಲೋಮೀಟರಿಗೂ ಕೆಳಗಿತ್ತು; ಅಲ್ಲಿ ದುಡಿದವರು ಕರಾವಳಿಯವರಿಗಿಂತಲೂ ದಟ್ಟವಾದ ಗಾಳಿಯನ್ನು ಉಸಿರಾಡಿದರು. ಇರಲಿ. ಹದಿನಾರರಲ್ಲಿ ಹತ್ತನೆಯ ಒಂದು ಪಾಲು ಕಳೆದರೆ ಹದಿನಾಲ್ಕೂ ಚಿಲ್ಲರೆ. ಅದರಲ್ಲಿ ನೂರಕ್ಕೆ ಹದಿಮೂರು ಕಳೆದರೆ ಹನ್ನೆರಡೂವರೆ. ಅವನ ಎಂಜಿನ್ನು ಆರೋಗ್ಯವಾಗಿಯೇ ಇತ್ತು. ಕುದುರೆ ಒಂದೂ ಕಾಣೆಯಾಗಿರಲಿಲ್ಲ. ಗಾಳಿಯ ಒತ್ತಡಕ್ಕೂ ತಾಪಕ್ಕೂ ಲೆಕ್ಕ ತೆಗೆದು ಸರಿಪಡಿಸಿದ ಅಂಕಿಯನ್ನೂ ಡೈನೋ ಹಾಳೆಗಳಲ್ಲಿ ಅಚ್ಚು ಮಾಡುವುದುಂಟು. ಆದಕಾರಣ ಇಬ್ಬರು ಗೆಳೆಯರು ಎರಡು ಊರಿನ ಎರಡು ಹಾಳೆ ಹಿಡಿದು ಜಗಳವಾಡುವುದರಲ್ಲಿ ಅರ್ಥವಿಲ್ಲ. ಅದೇ ಡೈನೋದ ಮೇಲೆ, ಒಂದೇ ದಿನ, ಒಂದು ಮಾರ್ಪಾಟಿಗೆ ಮುಂಚೆ ಮತ್ತು ಅನಂತರ ಅಳೆದ ಅಂಕಿಗಳಲ್ಲಿ ಮಾತ್ರ ಹುರುಳಿದೆ. ಒಮ್ಮೆಗೆ ಎರಡು ಮಾರ್ಪಾಟು ಮಾಡಿದರೆ ಗುಣ ಯಾವುದರದೆಂದು ತಿಳಿಯದು.

ಹಾಗಿದ್ದರೆ ಎಂಜಿನ್ನು ಹಿಡಿದುಕೊಂಡದ್ದೇಕೆ? ಇದಕ್ಕೆ ಇಂಧನ ಮತ್ತು ಗಾಳಿಯ ಬೆರಕೆಯನ್ನು ನೋಡಬೇಕು. ಒಂದು ಗ್ರಾಂ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು ೧೪.೭ ಗ್ರಾಂ ಗಾಳಿ ಬೇಕು. ಹೆಚ್ಚಿನ ಶಕ್ತಿ ಬೇಕೆಂದರೆ ಗಾಳಿಯನ್ನು ಹನ್ನೆರಡೂವರೆ-ಹದಿಮೂರಕ್ಕೆ ಇಳಿಸಬೇಕು. ಮಿತವ್ಯಯ ಬೇಕೆಂದರೆ ಹದಿನೈದು-ಹದಿನಾರಕ್ಕೆ ಏರಿಸಬೇಕು. ಶಕ್ತಿಯ ಶ್ರುತಿಯೂ ಮಿತವ್ಯಯದ ಶ್ರುತಿಯೂ ಒಂದೇ ಅಲ್ಲ. ೧೯೮೩ರಲ್ಲಿ ಬಂದ ರಾಜದೂತ್ ೩೫೦ ಗಾಡಿಯ ಕಥೆ ಹಲವರಿಗೆ ನೆನಪಿರಬಹುದು. ಜಪಾನಿನ ಮೂಲ ಯಮಹಾದಲ್ಲಿ ೩೯ ಅಶ್ವಶಕ್ತಿಯಿತ್ತು. ನಮ್ಮ ದೇಶದ ಗಾಡಿಯಲ್ಲಿ ಅದನ್ನು ಮೂವತ್ತರ ಆಸುಪಾಸಿಗೆ, ಇನ್ನೊಂದು ಮಾದರಿಯಲ್ಲಿ ೨೭ಕ್ಕೆ ತಗ್ಗಿಸಿದರು. ಇಂಧನ ಉಳಿಸುವ ಸಲುವಾಗಿ ಅಷ್ಟೊಂದು ಶಕ್ತಿಯನ್ನು ಬಿಟ್ಟುಕೊಟ್ಟರೂ ಅದು ಪೆಟ್ರೋಲ್ ಕುಡುಕನೆಂಬ ಹೆಸರಿನಿಂದ ಪಾರಾಗಲಿಲ್ಲ.

ಕಾರ್ಬ್ಯುರೇಟರಿನಲ್ಲಿ ಈ ಬೆರಕೆಯನ್ನು ಕಾಯುವವರು ಒಬ್ಬರಲ್ಲ. ಗಾಡಿ ನಿಂತಲ್ಲೇ ಗುರುಗುಟ್ಟುವಾಗ ಪೈಲಟ್ ಜೆಟ್ಟಿನ ಪಾಳಿ. ಆಕ್ಸಿಲರೇಟರನ್ನು ಕಾಲುಭಾಗದಿಂದ ಮುಕ್ಕಾಲುಭಾಗದವರೆಗೆ ತಿರುಗಿಸಿದಾಗ ಸೂಜಿಯ ಪಾಳಿ. ಮುಕ್ಕಾಲು ಮೀರಿದ ಮೇಲಷ್ಟೇ ಮುಖ್ಯ ಜೆಟ್ಟಿನ ಆಳ್ವಿಕೆ. ದಿನನಿತ್ಯ ಕೆಲಸಕ್ಕೆ ಹೋಗಿ ಬರುವವನು ಹೆಚ್ಚಿನ ಹೊತ್ತು ಓಡಿಸುವುದು ಸೂಜಿಯ ಪಾಳಿಯಲ್ಲಿ. ಮುಖ್ಯ ಜೆಟ್ಟನ್ನು ಕಿರಿದು ಮಾಡಿದರೆ ಅಲ್ಲಿ ಉಳಿತಾಯ ಅತ್ಯಲ್ಪ. ಅಪಾಯ ಮಾತ್ರ ಪೂರ್ತಿ. ಜೆಟ್ಟಿನ ರಂಧ್ರದ ವ್ಯಾಸವನ್ನು ಹತ್ತನೆಯ ಒಂದು ಪಾಲು ಕುಗ್ಗಿಸಿದರೆ ಅದರ ವಿಸ್ತಾರ ಐದನೆಯ ಒಂದು ಪಾಲಿನಷ್ಟು ಕುಗ್ಗುತ್ತದೆ. ಪೂರ್ಣ ವೇಗದಲ್ಲಿ ಇಂಧನ ಅಷ್ಟು ಕಡಿಮೆಯಾದರೆ ಉರಿ ವಿಪರೀತ ಬಿಸಿಯಾಗುತ್ತದೆ. ಯೆಜ್ಡಿಯಂಥ ಎರಡು ಹೊಡೆತದ ಎಂಜಿನ್ನಿಗೆ ಆಯಿಲ್ ಬರುವುದೂ ಪೆಟ್ರೋಲಿನೊಡನೆಯೇ. ಪೆಟ್ರೋಲ್ ಕಡಿಮೆ ಮಾಡಿದವನು ಅರಿಯದೆ ಆಯಿಲನ್ನೂ ಕಡಿಮೆ ಮಾಡಿದ. ಹಿಗ್ಗಿದ ಪಿಸ್ಟನ್ನು ಒಣಗಿದ ಸಿಲಿಂಡರಿನಲ್ಲಿ ಹಿಡಿದುಕೊಳ್ಳದೆ ಇನ್ನೇನು ಮಾಡೀತು?

ಇದರ ಮೇಲೆ ಇನ್ನೊಂದು ಸಂಗತಿ ಸೇರಿತು. ಸಮುದ್ರಮಟ್ಟಕ್ಕೆ ಹೊಂದಿಸಿದ ಕಾರ್ಬ್ಯುರೇಟರು ನಮ್ಮ ಎತ್ತರದಲ್ಲಿ ನೂರಕ್ಕೆ ಐದರಷ್ಟು ಹೆಚ್ಚು ಇಂಧನ ಕೊಡುತ್ತದೆ. ಗಾಳಿ ತೆಳುವಾದಷ್ಟೂ ಇಂಧನದ ಹರಿವು ಇಳಿಯುವುದಿಲ್ಲವಾದ್ದರಿಂದ ಹೀಗೆ. ಜೆಟ್ಟನ್ನು ಕೊಂಚ ಕಿರಿದು ಮಾಡುವ ಮೇಸ್ತ್ರಿಗಳ ಹಳೆಯ ಪದ್ಧತಿಗೆ ಹೀಗೊಂದು ಆಧಾರ ಇದ್ದೇ ಇತ್ತು. ಆದರೆ ೨೦೨೫ರ ಹೊತ್ತಿಗೆ ದೇಶದಲ್ಲಿ ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತರಷ್ಟು ಎಥನಾಲ್ ಬೆರಸುವ ಗುರಿ ಮುಟ್ಟಿತು. ಎಥನಾಲಿನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ ಈ ಬೆರಕೆ ಉರಿಯಲು ಗಾಳಿ ಕಡಿಮೆ ಸಾಕು. ಹಳೆಯ ಜೆಟ್ಟಿನ ಮೂಲಕ ಅದನ್ನು ಹರಿಸಿದರೆ ಇಂಧನ ನೂರಕ್ಕೆ ಆರೇಳರಷ್ಟು ಸಾಲದಂತಾಗುತ್ತದೆ. ಎತ್ತರದ ತಪ್ಪೂ ಎಥನಾಲಿನ ತಪ್ಪೂ ನಮ್ಮ ಸೀಮೆಯಲ್ಲಿ ಒಂದನ್ನೊಂದು ಹೆಚ್ಚುಕಡಿಮೆ ತೊಡೆದುಹಾಕುತ್ತವೆ. ನಿನ್ನೆ ಸರಿಯಾಗಿದ್ದ ಕಿರಿಯ ಜೆಟ್ಟು ಇಂದು ಎಂಜಿನ್ನಿಗೆ ಕುತ್ತು. ಲೀಟರೊಂದರಲ್ಲಿರುವ ಶಕ್ತಿಯೇ ತುಸು ಕಡಿಮೆಯಾದ್ದರಿಂದ ಮೈಲೇಜು ಇಳಿದದ್ದೂ ಗಾಡಿಯ ದೋಷವಲ್ಲ.

ಡೈನೋ ಇದನ್ನೆಲ್ಲ ಹೇಳುತ್ತದೆಯೇ ಎಂದು ಕೇಳುಗರು ಕೇಳಬಹುದು. ಸರಿಯಾಗಿ ಕೇಳಿದರೆ ಹೇಳುತ್ತದೆ. ಭಾರದ ಉರುಳೆಯ ಡೈನೋ ಪೂರ್ಣ ವೇಗದ ಒಂದು ಓಟವನ್ನಷ್ಟೇ ತೋರಿಸುತ್ತದೆ. ಅದು ಮುಖ್ಯ ಜೆಟ್ಟಿನ ಪರೀಕ್ಷೆ. ಮೈಲೇಜಿನ ಪರೀಕ್ಷೆಗೆ ತಡೆಯುಳ್ಳ ಡೈನೋ ಬೇಕು. ಗಾಡಿಯನ್ನು ಗಂಟೆಗೆ ೫೦ ಕಿಲೋಮೀಟರ್ ವೇಗದಲ್ಲಿ ರಸ್ತೆಯ ಹೊರೆಯಷ್ಟೇ ಕೊಟ್ಟು ನಿಲ್ಲಿಸಿ, ಅಳತೆಯ ಗಾಜಿನ ನಳಿಕೆಯಿಂದ ಇಂಧನ ಕೊಟ್ಟು, ಎಷ್ಟು ಹೊತ್ತಿನಲ್ಲಿ ಎಷ್ಟು ಖರ್ಚಾಯಿತೆಂದು ನೋಡಬೇಕು. ಹೊಗೆಕೊಳವೆಗೆ ಆಮ್ಲಜನಕದ ಮಾಪಕವನ್ನು ಇಟ್ಟು ಬೆರಕೆಯನ್ನು ಓದುವ ಕ್ರಮವೂ ಇದೆ. ಆದರೆ ಎರಡು ಹೊಡೆತದ ಎಂಜಿನ್ನಿನಲ್ಲಿ ಉರಿಯದ ಬೆರಕೆ ಒಂದಿಷ್ಟು ಹೊಗೆಯೊಡನೆ ನುಸುಳಿಹೋಗುವುದರಿಂದ ಆ ಮಾಪಕವನ್ನೇ ನಂಬುವಂತಿಲ್ಲ. ಸಿಲಿಂಡರಿನ ತಲೆಯ ತಾಪವನ್ನೂ ಪ್ಲಗ್ಗಿನ ಬಣ್ಣವನ್ನೂ ಕೂಡಿಸಿ ನೋಡಬೇಕು. ಕಾಫಿಬಣ್ಣದ ಪ್ಲಗ್ಗು ಕ್ಷೇಮ. ಸುಣ್ಣದಂತೆ ಬಿಳಿಚಿಕೊಂಡದ್ದು ಎಚ್ಚರಿಕೆ.

ಲಾಭನಷ್ಟದ ಲೆಕ್ಕವನ್ನೂ ಮಾಡೋಣ. ನಂದಿದುರ್ಗದ ಕಡೆಯಿಂದ ಬಂಗಾರಪೇಟೆಗೆ ಹೋಗಿ ಬರಲು ದಿನಕ್ಕೆ ೩೦ ಕಿಲೋಮೀಟರ್ ಎಂದಿಟ್ಟುಕೊಂಡರೆ ತಿಂಗಳಿಗೆ ಸುಮಾರು ೭೫೦. ಲೀಟರಿಗೆ ೩೦ ಕಿಲೋಮೀಟರ್ ಕೊಡುವ ಗಾಡಿ ೩೩ ಕೊಟ್ಟರೆ ಉಳಿಯುವುದು ತಿಂಗಳಿಗೆ ಎರಡೂಕಾಲು ಲೀಟರ್. ಬಡವನ ಮನೆಯಲ್ಲಿ ಅದೂ ಹಣವೇ, ಅಲ್ಲಗಳೆಯಲಾರೆ. ಆದರೆ ಒಮ್ಮೆ ಪಿಸ್ಟನ್ ಹಿಡಿದರೆ ಹಲವು ತಿಂಗಳ ಉಳಿತಾಯ ಒಂದೇ ದಿನ ಹೋಗುತ್ತದೆ. ಚಕ್ರ ಕಟ್ಟಿಕೊಂಡ ಕ್ಷಣದಲ್ಲಿ ಹಿಂದೆ ಲಾರಿಯೊಂದು ಬರುತ್ತಿದ್ದರೆ ಹೋಗುವುದು ಹಣ ಮಾತ್ರವಲ್ಲ.

ಅದೇ ಉಳಿತಾಯಕ್ಕೆ ನೇರವಾದ ದಾರಿಗಳಿವೆ. ಸಮತಟ್ಟಾದ ರಸ್ತೆಯಲ್ಲಿ ೫೦ ಕಿಲೋಮೀಟರ್ ವೇಗಕ್ಕೆ ಬೇಕಾಗುವುದು ಸುಮಾರು ಎರಡು ಅಶ್ವಶಕ್ತಿ, ೮೦ಕ್ಕೆ ಆರು. ಗಾಳಿಯನ್ನು ಸೀಳುವ ಶ್ರಮ ವೇಗದೊಡನೆ ಅಷ್ಟು ಬೇಗ ಏರುತ್ತದೆ. ಹತ್ತು ನಿಮಿಷ ಮೊದಲು ಮನೆ ಬಿಡುವುದೇ ಅಗ್ಗದ ಟ್ಯೂನಿಂಗ್. ಏರ್ ಫಿಲ್ಟರ್ ಶುದ್ಧವಾಗಿರಲಿ, ಟೈರಿನಲ್ಲಿ ಗಾಳಿ ಸರಿಯಾಗಿರಲಿ, ಚೈನಿಗೆ ಎಣ್ಣೆ ಇರಲಿ, ಬ್ರೇಕು ಚಕ್ರವನ್ನು ಉಜ್ಜದಿರಲಿ. ಕಿಡಿ ಹಾರುವ ಕಾಲ, ಎಂದರೆ ಟೈಮಿಂಗು, ಕಾರ್ಖಾನೆ ಹೇಳಿದಷ್ಟೇ ಇರಲಿ. ಹಳೆಯ ಎರಡು ಹೊಡೆತದ ಗಾಡಿ ಓಡಿಸುವವರು ದೀರ್ಘವಾಗಿ ವೇಗದಲ್ಲಿ ಹೋಗುವಾಗ ಎರಡು ಬೆರಳನ್ನು ಕ್ಲಚ್ಚಿನ ಮೇಲೆ ಇಟ್ಟಿರಲಿ. ಎಂಜಿನ್ನಿನ ದನಿ ಕುಗ್ಗಿದಂತೆ ತೋರಿದ ಕೂಡಲೇ ಕ್ಲಚ್ಚನ್ನು ಹಿಡಿಯಬೇಕು.

ನಮ್ಮ ಯುವಕ ಕಾರ್ಖಾನೆಯ ಅಳತೆಯ ಮುಖ್ಯ ಜೆಟ್ಟನ್ನೇ ಮರಳಿ ಹಾಕಿಸಿದ. ಡೈನೋಗೆ ಕೊಟ್ಟ ಹಣ ದಂಡವಾಯಿತೇ ಎಂದು ಅವನ ತಂದೆ ಕೇಳಿದರು. ಗಣಿಯಲ್ಲಿ ದುಡಿದ ಹಿರಿಯರು ಅವರು; ಅವರಿಗೆ ನಾನು ಕೊಟ್ಟ ಉತ್ತರ ಇಷ್ಟೇ: ಒರೆಗಲ್ಲು ಚಿನ್ನವನ್ನು ಹೆಚ್ಚಿಸುವುದಿಲ್ಲ. ಇರುವುದು ಎಷ್ಟೆಂದು ಹೇಳುತ್ತದೆ. ಅದು ತಿಳಿದ ಮೇಲೆ ಮೋಸಹೋಗುವುದು ತಪ್ಪುತ್ತದೆ. ಹಿರಿಯರು ನಕ್ಕು, 'ಹಾಗಾದರೆ ದಂಡವಲ್ಲ ಬಿಡಿ' ಎಂದರು.