ಹವ್ಯಾಸಿ ಕಾರು ಪಂದ್ಯಗಳಲ್ಲಿ ಎಂಜಿನ್ ಗಣಕದ ನಿಯಮನ

ಕಾರ್ಬ್ಯುರೇಟರಿನ ಕಾಲದಲ್ಲಿ ಪಂದ್ಯದ ಪರೀಕ್ಷಕನ ಕೆಲಸ ಸುಲಭವಾಗಿದ್ದಿತು. ಜೆಟ್ಟಿನ ರಂಧ್ರವನ್ನು ಅಳೆಯಬಹುದಾಗಿತ್ತು. ಕಿಡಿ ಹಾರುವ ಗಳಿಗೆಯನ್ನು ದೀಪವಿಟ್ಟು ನೋಡಬಹುದಾಗಿತ್ತು. 1979ರಲ್ಲಿ ಬಾಷ್ ಸಂಸ್ಥೆಯ ಮೋಟ್ರಾನಿಕ್ ವ್ಯವಸ್ಥೆಯು ಬಿ.ಎಂ.ಡಬ್ಲ್ಯು. ಕಾರಿನಲ್ಲಿ ಬಳಕೆಗೆ ಬಂದು, ಇಂಧನ ಹಾಗೂ ಕಿಡಿ ಎರಡನ್ನೂ ಒಂದೇ ಗಣಕದ ವಶಕ್ಕೆ ಒಪ್ಪಿಸಿತು. ಅಲ್ಲಿಂದೀಚೆಗೆ ಎಂಜಿನ್ನಿನ ನಡತೆಯ ಬಹುಭಾಗ ಗಣಕದ ಸ್ಮೃತಿಯಲ್ಲಿರುವ ಕೋಷ್ಟಕಗಳಲ್ಲಿ ಅಡಗಿದೆ. ಕೋಷ್ಟಕದ ಒಂದು ಅಂಚಿನಲ್ಲಿ ಎಂಜಿನ್ನಿನ ವೇಗ, ಇನ್ನೊಂದರಲ್ಲಿ ಅದರ ಮೇಲಿನ ಹೊರೆ. ಅವೆರಡೂ ಸಂಧಿಸುವ ಮನೆಯಲ್ಲಿ ಕಿಡಿಯನ್ನು ಎಷ್ಟು ಡಿಗ್ರಿ ಮುಂಚಿತವಾಗಿ ಹಾರಿಸಬೇಕೆಂಬ ಅಂಕಿ. ಇದನ್ನು ತಿದ್ದಿದರೆ ಸಾಧಾರಣ ಎಂಜಿನ್ನಿಗೆ ದೊರೆಯುವ ಲಾಭ ಅಲ್ಪವೇ. ಟರ್ಬೊ ಎಂಜಿನ್ನಿನಲ್ಲಿ ಗಾಳಿಯ ಒತ್ತಡವೂ ಗಣಕದ ಅಧೀನವಾದುದರಿಂದ ಲಾಭ ಹೆಚ್ಚು.

ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್ಬು ತನ್ನ 'ಇಂಪ್ರೂವ್ಡ್ ಟೂರಿಂಗ್' ವರ್ಗದಲ್ಲಿ ಮಾಡಿದ ನಿಯಮವೊಂದು ವಿಚಾರಾರ್ಹವಾಗಿದೆ. ಗಣಕದ ಪೆಟ್ಟಿಗೆ ಮೂಲದ್ದೇ ಆಗಿರತಕ್ಕದ್ದು. ಅದರೊಳಗೆ ಮಾತ್ರ ಏನನ್ನಾದರೂ ಬದಲಿಸಬಹುದು. ಪೆಟ್ಟಿಗೆಯೊಳಗಿನ ಕಾರ್ಯಕ್ರಮವನ್ನು ಪರಿಶೀಲಿಸಲು ಸಾಧ್ಯವಿಲ್ಲವೆಂಬುದನ್ನು ಒಪ್ಪಿಕೊಂಡ ನಿಯಮವಿದು. ಆದರೆ ಫಲ ವಿಪರೀತವಾಯಿತು. ಹಣವುಳ್ಳವರು ಬೆಲೆಬಾಳುವ ಪಂದ್ಯದ ಗಣಕವನ್ನೇ ಹಳೆಯ ಪೆಟ್ಟಿಗೆಯೊಳಗೆ ತುರುಕಿಸಿದರು. ಕಾರಿನ ಪೆಟ್ಟಿಗೆ ದೊಡ್ಡದಾಗಿದ್ದರೆ ಅದೂ ಒಂದು ಅದೃಷ್ಟವೇ! ಹವ್ಯಾಸಿಯು ಮನೆಯಲ್ಲಿಯೇ ಬೆಸುಗೆ ಹಾಕಿ ಜೋಡಿಸಬಹುದಾದ ಮೆಗಾಸ್ಕ್ವಿರ್ಟ್‌ನಂತಹ ಅಗ್ಗದ ಗಣಕವು ತನ್ನದೇ ಪೆಟ್ಟಿಗೆಯಲ್ಲಿ ಬರುವುದರಿಂದ ನಿಷಿದ್ಧವಾಯಿತು. ಕೊನೆಗೆ ಕ್ಲಬ್ಬು ಈ ಕಟ್ಟನ್ನು ಸಡಿಲಿಸಬೇಕಾಯಿತು.

ಕಾರಿನ ತೂಕಕ್ಕೂ ಶಕ್ತಿಗೂ ಅನುಪಾತ ಗೊತ್ತುಮಾಡಿ, ಶಕ್ತಿಯನ್ನು ಡೈನಮೋಮೀಟರಿನ ಮೇಲೆ ಅಳೆಯುವುದು ಇನ್ನೊಂದು ಮಾರ್ಗ. ಆದರೆ ಗಣಕದಲ್ಲಿ ಎರಡು ಕೋಷ್ಟಕಗಳನ್ನಿಟ್ಟು, ಪರೀಕ್ಷೆಗೆ ಒಂದನ್ನೂ ಪಂದ್ಯಕ್ಕೆ ಇನ್ನೊಂದನ್ನೂ ಬಳಸುವುದು ಕಷ್ಟವೇನಲ್ಲ. ಫಾರ್ಮುಲಾ ಒಂದರಲ್ಲಿ ಚಕ್ರಜಾರುವಿಕೆಯ ನಿಯಂತ್ರಣವನ್ನು ಪತ್ತೆಹಚ್ಚಲಾಗದೆ 2001ರಲ್ಲಿ ಮತ್ತೆ ಅನುಮತಿಸಿದ್ದರು. 2008ರಲ್ಲಿ ಎಲ್ಲ ತಂಡಗಳಿಗೂ ಒಂದೇ ಬಗೆಯ ಗಣಕವನ್ನು ಕಡ್ಡಾಯಗೊಳಿಸಿದ ಬಳಿಕವೇ ನಿಷೇಧಕ್ಕೆ ಬಲ ಬಂದಿತು. ಸ್ವಂತ ಸಂಬಳದಿಂದ ಪಂದ್ಯಕ್ಕಿಳಿಯುವವರ ಮೇಲೆ ಅಂತಹ ವೆಚ್ಚವನ್ನು ಹೊರಿಸುವುದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ.

ಟರ್ಬೊ ಕಾರುಗಳ ಮಟ್ಟಿಗೆ ಗಾಳಿಯ ದಾರಿಯನ್ನೇ ಕಿರಿದುಗೊಳಿಸುವುದು ಲೇಸು. ಕಿರಿದಾದ ಕಂಠದಲ್ಲಿ ಗಾಳಿಯ ವೇಗವು ಶಬ್ದದ ವೇಗವನ್ನು ಮುಟ್ಟಿದ ಮೇಲೆ, ಗಣಕವು ಏನು ಆಜ್ಞಾಪಿಸಿದರೂ ಒಳಸೇರುವ ಗಾಳಿಯ ಮೊತ್ತ ಹೆಚ್ಚಲಾರದು. ಆ ಕಂಠದ ವ್ಯಾಸವನ್ನು ಹಿಂದಿನಂತೆಯೇ ಅಳತೆಗೋಲಿನಿಂದ ಅಳೆಯಬಹುದು. ಚಕ್ರ ಜಾರದಂತೆ ಗಣಕವು ಗುಟ್ಟಾಗಿ ಕಿಡಿಯನ್ನು ತಡೆಯುವುದಕ್ಕೆ ಮಾತ್ರ ಇದು ಮದ್ದಲ್ಲ.