ಇಸ್ಲಾಂ ಮತದಲ್ಲಿ ಸಹಾಯಯಾಚನೆ

ಕಳೆದ ವರ್ಷ ನಾನು ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬುತ್ತಿದ್ದಾಗ ಸಹಪಾಠಿಯೊಬ್ಬನು ನಗುತ್ತ ಕೇಳಿದನು: “ದೇವರೊಬ್ಬನಲ್ಲಿಯೇ ಸಹಾಯ ಬೇಡಬೇಕೆಂದು ನಿಮ್ಮ ಮತ ಹೇಳುತ್ತದಲ್ಲವೆ? ಹಾಗಾದರೆ ಸರಕಾರಕ್ಕೆ ಈ ಅರ್ಜಿ ಯಾಕಪ್ಪ?” ಅವನು ಕೇಳಿದುದು ವಿನೋದಕ್ಕೆ. ಆದರೆ ಸಮರ್ಪಕವಾದ ಉತ್ತರ ನನಗೆ ಆಗ ಹೊಳೆಯಲಿಲ್ಲ. ಹತ್ತಿ ಹಿಂಜಿ ಗಾದಿ ಹೊಲಿಯುವ ನಮ್ಮ ನದಾಫ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಾಲ್ಕು ಜನರ ನೆರವಿಲ್ಲದಿದ್ದರೆ ಇಲ್ಲಿಯವರೆಗೆ ಬರುತ್ತಲೇ ಇರಲಿಲ್ಲ. ಆದುದರಿಂದ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಓದಿ, ಹಿರಿಯರನ್ನು ಕೇಳಿ ತಿಳಿದುಕೊಂಡುದನ್ನು ವಾಚಕರ ಮುಂದಿಡುತ್ತಿದ್ದೇನೆ.

ಈ ನಂಬಿಕೆಯು ಸ್ಪಷ್ಟವಾಗಿ ಕಾಣುವುದು ಕುರಾನಿನ ಮೊದಲನೆಯ ಅಧ್ಯಾಯವಾದ ‘ಅಲ್-ಫಾತಿಹಾ’ದಲ್ಲಿ. ಅದರಲ್ಲಿರುವುದು ಕೇವಲ 7 ವಾಕ್ಯಗಳು. ನಿಂತು, ಬಾಗಿ, ಹಣೆಯನ್ನು ನೆಲಕ್ಕೆ ಮುಟ್ಟಿಸುವ ಒಂದು ಆವೃತ್ತಿಗೆ ‘ರಕಾತ್’ ಎಂದು ಹೆಸರು. ದಿನದ 5 ಹೊತ್ತಿನ ನಮಾಜಿನಲ್ಲಿ ಕಡ್ಡಾಯವಾದವು ಇಂಥ 17. ಪ್ರತಿಯೊಂದರಲ್ಲಿಯೂ ಫಾತಿಹಾವನ್ನು ಹೇಳುವುದು ರೂಢಿ. ಅದರ ನಡುವಿನ ಒಂದು ವಾಕ್ಯದಲ್ಲಿ ಭಕ್ತನು, ತಾವು ಆರಾಧಿಸುವುದೂ ನೆರವು ಬೇಡುವುದೂ ದೇವರೊಬ್ಬನನ್ನೇ ಎಂದು ಅವನಲ್ಲಿ ಅರಿಕೆ ಮಾಡಿಕೊಳ್ಳುತ್ತಾನೆ. ಅರಬ್ಬಿಯಲ್ಲಿ ಸಾಮಾನ್ಯವಾಗಿ ಕ್ರಿಯಾಪದ ಮೊದಲು, ಕರ್ಮಪದ ಅನಂತರ. ಇಲ್ಲಿಯಾದರೋ ‘ನಿನ್ನನ್ನು’ ಎಂಬರ್ಥದ ‘ಇಯ್ಯಾಕ’ ಎಂಬುದು ಕ್ರಿಯೆಗಿಂತ ಮುಂಚೆ ಬಂದಿದೆ. ಈ ಸ್ಥಾನಪಲ್ಲಟದಿಂದಲೇ ‘ಬೇರೆ ಯಾರನ್ನೂ ಅಲ್ಲ’ ಎಂಬ ಭಾವ ಹುಟ್ಟುತ್ತದೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ನಮ್ಮ ಕನ್ನಡದಲ್ಲಿ ಕರ್ಮಪದವು ಹೇಗೂ ಮೊದಲೇ ಬರುವುದರಿಂದ ಈ ಉಪಾಯ ಸಾಗದು. ನಮಗೆ ಅವಧಾರಣೆಯ ‘ಏ’ಕಾರವೇ ಬೇಕು.

ಹಾಗಾದರೆ ಮನುಷ್ಯರಲ್ಲಿ ನೆರವು ಕೇಳುವುದು ತಪ್ಪೆ? ಅಲ್ಲ. ಒಳ್ಳೆಯ ಕೆಲಸದಲ್ಲಿ ಒಬ್ಬರಿಗೊಬ್ಬರು ನೆರವಾಗಬೇಕೆಂದು ಕುರಾನಿನ 5ನೆಯ ಅಧ್ಯಾಯವೇ ವಿಧಿಸುತ್ತದೆ. 18ನೆಯ ಅಧ್ಯಾಯದಲ್ಲಿ ಬರುವ ದುಲ್ ಕರ್ನೈನ್ ಎಂಬ ಅರಸನು ಒಂದು ಜನಾಂಗದ ರಕ್ಷಣೆಗಾಗಿ ಗೋಡೆ ಕಟ್ಟುವಾಗ, ಅವರು ಕೊಡಬಂದ ಧನ ಬೇಡವೆಂದು, ತೋಳ್ಬಲವನ್ನು ಕೇಳುತ್ತಾನೆ; ಕಬ್ಬಿಣದ ತುಂಡುಗಳನ್ನು ಅವರಿಂದಲೇ ತರಿಸುತ್ತಾನೆ. ಒಬ್ಬನ ಕೈಲಾಗುವ ನೆರವನ್ನು ಅವನಲ್ಲಿ ಕೇಳುವುದಕ್ಕೆ ಅಡ್ಡಿಯಿಲ್ಲ. ಅವನ ಕೈಯನ್ನು ನಡೆಯಿಸುವವನು ದೇವರೆಂಬ ಅರಿವಿರಬೇಕು, ಅಷ್ಟೆ. ಮಳೆ, ಸಂತಾನ, ಪಾಪಕ್ಷಮೆ ಮುಂತಾಗಿ ಮನುಷ್ಯನ ಕೈಯಲ್ಲಿಲ್ಲದುದನ್ನು ಕೊಡುವ ಶಕ್ತಿ ಇನ್ನೊಬ್ಬರಿಗೆ ಸ್ವತಃ ಉಂಟೆಂದು ನಂಬಿ ಬೇಡಿದರೆ ಅದು ದೇವರಿಗೆ ಪಾಲುಗಾರರನ್ನು ಸೇರಿಸಿದಂತೆ. ಇದಕ್ಕೆ ‘ಶಿರ್ಕ್’ ಎನ್ನುತ್ತಾರೆ. ಒಂಟೆಯನ್ನು ಕಟ್ಟಿ ದೇವರನ್ನು ನಂಬಲೊ, ಬಿಟ್ಟು ನಂಬಲೊ ಎಂದು ಕೇಳಿದವನಿಗೆ ಪೈಗಂಬರರು, ಕಟ್ಟಿ ನಂಬುವಂತೆ ಹೇಳಿದರೆಂದು ತಿರ್ಮಿಜಿಯವರ ಹದೀಸ್ ಸಂಗ್ರಹದಲ್ಲಿದೆ. ನನ್ನ ಅರ್ಜಿಯೂ ಆ ಹಗ್ಗದಂಥದೇ ಎಂದು ಸಹಪಾಠಿಗೆ ಈಗ ಹೇಳಬಲ್ಲೆ.

ನಿಜವಾದ ವಾದವಿರುವುದು ಮಹಾಪುರುಷರ ಮಧ್ಯಸ್ಥಿಕೆಯ ವಿಷಯದಲ್ಲಿ. ಬರ ಬಂದಾಗ ಖಲೀಫ ಉಮರರು ಪೈಗಂಬರರ ಚಿಕ್ಕಪ್ಪ ಅಬ್ಬಾಸರನ್ನು ಮುಂದಿಟ್ಟುಕೊಂಡು ಮಳೆಗಾಗಿ ಪ್ರಾರ್ಥಿಸಿದರೆಂದು ಬುಖಾರಿಯವರ ಸಂಗ್ರಹದಲ್ಲಿದೆ. ಸಜ್ಜನರ ಮೂಲಕ ದೇವರನ್ನು ಬೇಡಬಹುದೆಂಬುದಕ್ಕೆ ಇದೇ ಸಾಕ್ಷಿಯೆಂದು ಒಂದು ಪಕ್ಷ. ಬದುಕಿದ್ದ ಅಬ್ಬಾಸರಿಂದ ಪ್ರಾರ್ಥನೆ ಮಾಡಿಸಿದರೇ ಹೊರತು, ಆಗಲೇ ತೀರಿಕೊಂಡಿದ್ದ ಪೈಗಂಬರರನ್ನು ಮಧ್ಯಸ್ಥರನ್ನಾಗಿ ಮಾಡಲಿಲ್ಲವೆಂದು ಇನ್ನೊಂದು ಪಕ್ಷ. 1328ರಲ್ಲಿ ಡಮಾಸ್ಕಸ್ಸಿನಲ್ಲಿ ತೀರಿಕೊಂಡ ಇಬ್ನ್ ತೈಮಿಯ್ಯ ಈ ಎರಡನೆಯ ಪಕ್ಷದ ಪ್ರಬಲ ವಾದಿ. ಒಂದೇ ಘಟನೆ ಎರಡೂ ಕಡೆಯವರಿಗೆ ಆಧಾರವಾಗಿರುವುದು ವಿಚಿತ್ರವೇ ಸರಿ.

ಈ ವಾದ ನಮ್ಮ ಮನೆಯಲ್ಲಿಯೂ ಉಂಟು. ಪರೀಕ್ಷೆಗೆ ಮುನ್ನ ತಾಯಿ ನನ್ನನ್ನು ಕಲಬುರಗಿಯ ಖ್ವಾಜಾ ಬಂದೇ ನವಾಜರ ದರ್ಗಾಕ್ಕೆ ಕರೆದೊಯ್ಯುತ್ತಾರೆ. 1422ರಲ್ಲಿ ತೀರಿಕೊಂಡ ಆ ಸಂತರ ಸನ್ನಿಧಿಗೆ ಹಿಂದೂಗಳೂ ಬರುತ್ತಾರೆ; ನಮ್ಮ ಸೋದರಮಾವ ಮಾತ್ರ ಬರುವುದಿಲ್ಲ. ಗೋರಿಯ ಬಳಿ ಬೇಡುವುದು ಸಲ್ಲದೆಂಬುದು ಅವರ ನಿಲುವು. ಒಮ್ಮೆ ತಾಯಿಯನ್ನು ಕೇಳಿದೆ: “ಅವ್ವಾ, ಅಲ್ಲಿ ನೀನು ಬೇಡೋದು ಖ್ವಾಜಾರನ್ನೊ, ಅಲ್ಲಾಹನನ್ನೊ?”

“ಅಲ್ಲಾಹನನ್ನೇ ಬೇಡ್ತೀನಪ್ಪಾ. ಖ್ವಾಜಾರು ದೊಡ್ಡವರು, ನಮ್ಮ ಪರವಾಗಿ ಒಂದು ಮಾತು ಹೇಳಲಿ ಅಂತ ಹೋಗೋದು” ಎಂದರು.

ಮನೆಮಾತು ಕನ್ನಡವಾದುದರಿಂದ, ಅಕ್ಷರವರಿಯದ ತಾಯಿಯ ಬಾಯಲ್ಲಿಯೂ ಆ ‘ಏ’ಕಾರ ಬಂತು. ಮಾವನವರಿಗೆ ಇದನ್ನು ಹೇಳಿದೆ. ಅವರು ಒಪ್ಪಲಿಲ್ಲ. ಆ ವರ್ಷದ ನನ್ನ ಪರೀಕ್ಷಾ ಶುಲ್ಕವನ್ನು ಕಟ್ಟಿದವರು ಅವರೇ.