ಅಡುಗೆಮನೆಯ ಆಯವ್ಯಯ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಎಚ್ಚರಿಸಿದರು. ಕಟ್ಟಿದ ಮನೆಯನ್ನು ಒಡೆದು ತಿದ್ದಹೊರಟವನ ಪಾಡನ್ನು ಕುರಿತು ಏನನ್ನೂ ಹೇಳಲಿಲ್ಲ. ಅಂಥ ಅವಿವೇಕಕ್ಕೆ ಯಾರೂ ಕೈಹಾಕಲಾರರೆಂದು ನಂಬಿದ್ದರೇನೋ. ನಾನು ಕೈಹಾಕಿದೆ.

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ತಂದೆಯವರು ಬಿಟ್ಟುಹೋದ ಮನೆ ನಮ್ಮದು. ಅದರ ಅಡುಗೆಮನೆ ಹತ್ತಡಿ ಉದ್ದ, ಎಂಟಡಿ ಅಗಲ. ಒಲೆಯ ಕಟ್ಟೆಗೆ ಹಾಸಿದ ಕಡಪ ಕಲ್ಲು ಬಿರುಕು ಬಿಟ್ಟಿದೆ. ಗೋಡೆಯೊಳಗಿನ ಕಬ್ಬಿಣದ ಕೊಳವೆ ತುಕ್ಕು ಹಿಡಿದು ಗಾರೆಯೆಲ್ಲ ತೇವವಾಗಿದೆ. ಹಗಲಿನಲ್ಲಿಯೂ ದೀಪ ಬೇಕು. ಇವನ್ನೆಲ್ಲ ಸರಿಪಡಿಸಲೆಂದು 1,50,000 ರೂಪಾಯಿಗಳನ್ನು ಎತ್ತಿಟ್ಟಿದ್ದೆ. ಹಾಸಿಗೆಯ ಉದ್ದ ತಿಳಿದಿತ್ತು. ಕಾಲು ಚಾಚುವ ಬಗೆಯೊಂದನ್ನು ತೀರ್ಮಾನಿಸಬೇಕಾಗಿತ್ತು.

ಮೊದಲು ಸಿದ್ಧ ಅಡುಗೆಮನೆಗಳನ್ನು ಮಾರುವ ಅಂಗಡಿಯೊಂದಕ್ಕೆ ಹೋದೆ. ಅಲ್ಲಿನ ತರುಣ ನಯವಾಗಿ ಲೆಕ್ಕ ಹಾಕಿ 3,90,000 ರೂಪಾಯಿ ಎಂದ. ನಾನೂ ಅಷ್ಟೇ ನಯವಾಗಿ ಮನೆಗೆ ಬಂದೆ. ಆ ರಾತ್ರಿ ಹಳೆಯ ಉತ್ತರಪತ್ರಿಕೆಯೊಂದರ ಖಾಲಿ ಪುಟದಲ್ಲಿ ನನ್ನದೇ ಒಂದು ಯೋಜನೆಯನ್ನು ಬರೆದೆ. ಬಾಗಿಲುಳ್ಳ ಮರದ ಕಪಾಟುಗಳಿಗೆ 95,000, ಗೋಡೆಯುದ್ದಕ್ಕೂ ಹೊಳಪಿನ ಟೈಲ್ಸಿಗೆ 25,000, ಕಟ್ಟೆಯ ಕಲ್ಲಿಗೆ 15,000, ಅಜ್ಜಿಯ ಕಾಲದ ಬೀಸುವ ಕಲ್ಲನ್ನು ಗೂಡಿನಲ್ಲಿಟ್ಟು ದೀಪ ಹಾಕಿಸಲು 6,000, ಬೆಳಕಿಗೆ 4,000, ಇತರೆ 5,000. ಕೂಡಿದರೆ ಒಂದು ರೂಪಾಯಿಯೂ ಹೆಚ್ಚುಕಡಿಮೆಯಿಲ್ಲ. ಛಂದಸ್ಸಿನಲ್ಲಿ ಮಾತ್ರೆಗಳು ಸರಿಹೋದಾಗ ಆಗುವ ಸಂತೋಷವೇ ಅಂದೂ ಆಯಿತು. ಮಾತ್ರೆ ಸರಿಯಾದ ಮಾತ್ರಕ್ಕೆ ಪದ್ಯ ಕಾವ್ಯವಾಗುವುದಿಲ್ಲವೆಂದು ತರಗತಿಯಲ್ಲಿ ಹೇಳುವವನಿಗೆ ಆ ಮಾತು ಆಗ ನೆನಪಾಗಲಿಲ್ಲ.

ಮರುದಿನ ಮೇಸ್ತ್ರಿ ಬಂದ. ಕಾಗದವನ್ನು ಎರಡು ಸಲ ಓದಿ ಕೇಳಿದ: “ಇಲ್ಲಿ ಅಡುಗೆ ಮಾಡೋರು ಯಾರು ಸ್ವಾಮಿ?”

ನಾನು ಹೆಂಡತಿಯನ್ನು ತೋರಿಸಿದೆ.

“ಅಮ್ಮಾವ್ರೇ, ದಿನಾ ನಿಲ್ಲೋ ಹಾಗೆ ಒಂದು ಸಲ ಒಲೆ ಮುಂದೆ ನಿಂತ್ಕೊಳ್ಳಿ.”

ಅವಳು ಬಂದು, ಕಟ್ಟೆಯ ಕೆಳಗಿದ್ದ ಮಣೆಯನ್ನು ಕಾಲಿನಿಂದ ಎಳೆದು, ಅದರ ಮೇಲೆ ನಿಂತಳು. ಆ ಮಣೆಯನ್ನು ಹದಿನೆಂಟು ವರ್ಷಗಳಿಂದ ನೋಡಿದ್ದೇನೆ. ಊಟಕ್ಕೆ ಹಾಕುವ ಮಣೆಗಳಲ್ಲಿ ಒಂದು ಅಲ್ಲಿ ಬಿದ್ದಿರುತ್ತದೆ ಎಂದಷ್ಟೇ ತಿಳಿದಿದ್ದೆ. ಒಮ್ಮೆ ಎಡವಿ, ಇದನ್ನೇಕೆ ದಾರಿಯಲ್ಲಿ ಇಡುತ್ತೀಯೆಂದು ರೇಗಿದ್ದೂ ಉಂಟು.

ಮೇಸ್ತ್ರಿ ಅವಳನ್ನು ಮಣೆಯಿಂದ ಇಳಿಸಿ, ಮೊಣಕೈ ಮಡಿಸಿ ನಿಲ್ಲುವಂತೆ ಹೇಳಿ, ನೆಲದಿಂದ ಮೊಣಕೈಗೆ ಅಳತೆಪಟ್ಟಿ ಹಿಡಿದ. 37 ಇಂಚು. ಮೊಣಕೈಯಿಂದ ನಾಲ್ಕು ಇಂಚು ಕೆಳಗಿದ್ದರೆ ಹೆಚ್ಚುವುದಕ್ಕೆ, ಕಲಸುವುದಕ್ಕೆ ಭುಜ ನೋಯುವುದಿಲ್ಲವೆಂಬುದು ಅವನ ಲೆಕ್ಕ, ಅಂದರೆ 33. ನಮ್ಮ ಕಟ್ಟೆ ಇದ್ದುದು 36 ಇಂಚು. ಮೂರಡಿಯೆಂದರೆ ಎಣಿಕೆಗೆ ಸಲೀಸೆಂದು ತಂದೆಯವರ ಕಾಲದಲ್ಲಿ ಯಾರೋ ಕಟ್ಟಿದ್ದು. ಮಣೆಯ ಎತ್ತರವನ್ನೂ ಅಳೆದೆವು: ಸರಿಯಾಗಿ ಮೂರು ಇಂಚು. ಮೇಸ್ತ್ರಿ ಅಳೆದು ಹೇಳಿದ ಲೆಕ್ಕವನ್ನು ಅವಳ ಬೆನ್ನು, ಭುಜಗಳು ಮದುವೆಯಾದ ಹೊಸತರಲ್ಲಿಯೇ ಕಂಡುಕೊಂಡಿದ್ದವು. ಹೇಳಲಿಲ್ಲವೇಕೆಂದು ಕೇಳಿದೆ. “ನೀವು ಕೇಳಲಿಲ್ಲ” ಎಂದಳು. ಆ ಮಾತಿನಲ್ಲಿ ಕೋಪವಿರಲಿಲ್ಲ; ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆಯಲ್ಲಿನ ‘ಅಟ್ಟ’ ಎಂಬುದು ‘ಅಡು’ ಧಾತುವಿನ ಭೂತಕೃದಂತ. ‘ಅಡುಗೆ’ಯೂ ಅದೇ ಧಾತುವಿನಿಂದ ಬಂದದ್ದು. ಇದನ್ನು ವರ್ಷ ವರ್ಷವೂ ಹೇಳಿಕೊಡುತ್ತೇನೆ. ಧಾತುವನ್ನು ಬಲ್ಲವನು ಕರ್ತೃವನ್ನು ನೋಡಿರಲಿಲ್ಲ.

ಬುದ್ಧಿ ಬಂದವನು ಪುಸ್ತಕವನ್ನು ಹುಡುಕುವುದು ನಮ್ಮ ವೃತ್ತಿಯ ದೋಷ. ಕಾಲೇಜಿನ ಗ್ರಂಥಾಲಯದಲ್ಲಿ ಕಟ್ಟಡಗಳ ಇತಿಹಾಸವೊಂದನ್ನು ತೆಗೆದು ಓದಿದೆ. ಮಾರ್ಗರೆಟೆ ಶ್ಯುಟೆ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯದ ಮಹಿಳೆ 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಅಗ್ಗದ ವಸತಿಗಳಿಗೆಂದು ಒಂದು ಅಡುಗೆಮನೆಯನ್ನು ರೂಪಿಸಿದಳು. ಹಣವೂ ಕಡಿಮೆ, ಸ್ಥಳವೂ ಕಡಿಮೆ. ಅಗಲ ಎರಡು ಮೀಟರಿನಷ್ಟೂ ಇಲ್ಲ. ಆಕೆ ಮೊದಲು ಎಣಿಸಿದ್ದು ಗೃಹಿಣಿ ಇಡುವ ಹೆಜ್ಜೆಗಳನ್ನು. ಕಿಟಕಿಯ ಕೆಳಗೆ ಕೆಲಸದ ಹಲಗೆ, ಅದರ ಮುಂದೆ ಕುಳಿತು ಹೆಚ್ಚಲು ಒಂದು ಪೀಠ. ಅಂಥ ಸುಮಾರು 10,000 ಅಡುಗೆಮನೆಗಳು ನಿರ್ಮಾಣವಾದವು. ಅಲ್ಲಿಯವರೆಗೆ ತಾನು ಅಡುಗೆ ಮಾಡಿದವಳೇ ಅಲ್ಲವೆಂದು ಆಕೆ ಮುಂದೆ ಒಪ್ಪಿಕೊಂಡದ್ದುಂಟು. ಅಡುಗೆ ಬಾರದಿರುವಿಕೆ ಆಕೆಗೂ ನನಗೂ ಸಮಾನ. ಆಕೆ ವಿಚಾರಿಸಿದಳು ಎಂಬುದಷ್ಟೇ ವ್ಯತ್ಯಾಸ.

ನಾನೂ ವಿಚಾರಿಸಲು ನಿಶ್ಚಯಿಸಿ ತಾಯಿಯ ಬಳಿಗೆ ಹೋದೆ. ಅವರು ನೆಲದ ಒಲೆಯ ಮುಂದೆ ಕುಳಿತು ಅಡುಗೆ ಕಲಿತವರು. ಗ್ಯಾಸ್ ಬಂದ ಮೇಲೆ ನಿಂತು ಬೇಯಿಸುವುದನ್ನು ಅಭ್ಯಾಸಮಾಡಿಕೊಂಡರು. ಈಗ ಮಂಡಿನೋವು, ಈಳಿಗೆಮಣೆಯ ಮುಂದೆ ಕೂರಲಾಗದು, ಕಟ್ಟೆಯ ಮುಂದೆ ಹೆಚ್ಚು ಹೊತ್ತು ನಿಲ್ಲಲೂ ಆಗದು. ಬೀಸುವ ಕಲ್ಲಿನ ಗೂಡನ್ನು ಅವರಿಗೆ ಹೆಮ್ಮೆಯಿಂದ ವಿವರಿಸಿದೆ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿ ಬೀಸುವ ಹೆಂಗಸರ ಕಂಠದಲ್ಲಿದ್ದ ಕಾವ್ಯವನ್ನು ಉಳಿಸಿಕೊಟ್ಟರಲ್ಲವೆ, ಆ ಕಲ್ಲಿಗೆ ನಾವಾದರೂ ಮರ್ಯಾದೆ ತೋರಬೇಡವೆ ಎಂದೆ. ತಾಯಿ ಪೂರ್ತಿಯಾಗಿ ಕೇಳಿದರು.

“ಹಾಡು ನಿನಗೆ ಗೊತ್ತಪ್ಪ, ಕಲ್ಲಿನ ಭಾರ ನನ್ನ ರಟ್ಟೆಗೆ ಗೊತ್ತು. ಅದನ್ನು ಹಿತ್ತಿಲಿಗೆ ಹಾಕಿಸು. ಆ ಜಾಗದಲ್ಲಿ, ಕಿಟಕಿ ಪಕ್ಕ, ನಾನು ಕೂತು ಸೊಪ್ಪು ಸೋಸೋದಕ್ಕೆ ಒಂದು ಜಗಲಿ ಮಾಡಿಸು.”

ಜರ್ಮನಿಯ ಪೀಠವನ್ನು ಓದಲು ಗ್ರಂಥಾಲಯಕ್ಕೆ ಹೋಗಿದ್ದೆ. ಅದನ್ನು ಕೇಳುವವರು ನಡುಮನೆಯಲ್ಲಿಯೇ ಇದ್ದರು.

ಹೊಸ ಆಯವ್ಯಯವನ್ನು ನಾಲ್ವರೂ ಕುಳಿತು ಬರೆದೆವು, ಮೇಸ್ತ್ರಿಯೂ ಸೇರಿ. ಪಾತ್ರೆ ತೊಳೆಯುವ ತೊಟ್ಟಿ ಇದ್ದಲ್ಲಿಯೇ ಇರಲಿ ಎಂದ. ಕೊಳಕು ನೀರಿನ ಕೊಳವೆಗೆ ಅಡಿಗೆ ಕಾಲು ಇಂಚಿನಷ್ಟು ಇಳಿಜಾರು ಬೇಕು. ತೊಟ್ಟಿಯನ್ನು ಎಂಟಡಿ ಸರಿಸಿದರೆ ನೆಲವನ್ನೇ ಅಗೆಯಬೇಕಾದೀತು. ಚಾವಣಿಯ ನಡುವಿನ ದೀಪ ಅವಳ ಬೆನ್ನ ಹಿಂದಿರುವುದರಿಂದ ತರಕಾರಿಯ ಮೇಲೆ ಅವಳದೇ ನೆರಳು ಬೀಳುತ್ತದೆ. ಆದ್ದರಿಂದ ಕಟ್ಟೆಯ ಮೇಲೆಯೇ ದೀಪ. ಹೊಗೆ ಎಳೆಯುವ ಫ್ಯಾನು ಒಲೆಯ ಮೇಲ್ಭಾಗದಲ್ಲಿ. ಗಾಳಿ ಒಳಗೆ ಬರದೆ ಹೊರಗೆ ಹೋಗದಾದ್ದರಿಂದ ಎದುರು ಗೋಡೆಯ ಕಿಟಕಿ ಒಂದಡಿ ಅಗಲವಾಗಬೇಕು. ಕೆಲಸಕ್ಕೂ ಒಂದು ಕ್ರಮವುಂಟು: ಒಡೆಯುವುದು, ಕೊಳವೆ, ತಂತಿ, ಗಾರೆ, ಕಲ್ಲು, ಟೈಲ್ಸು, ಬಣ್ಣ. ಈ ಕ್ರಮ ತಪ್ಪಿದರೆ ಮಾಡಿದ್ದನ್ನೇ ಒಡೆದು ಎರಡು ಸಲ ಕೂಲಿ ಕೊಡಬೇಕು.

ಕಟ್ಟೆಯನ್ನು ಒಡೆದು ಕಟ್ಟಿ ಗ್ರಾನೈಟ್ ಹಾಸಲು 34,000; ಕೊಳವೆ 16,000; ತಂತಿ, ದೀಪ, ಫ್ಯಾನು 18,000; ಕಿಟಕಿ 14,000; ಒಲೆ ಮತ್ತು ತೊಟ್ಟಿಯ ಹಿಂದೆ ಮಾತ್ರ ಟೈಲ್ಸು 10,000; ಬಾಗಿಲಿಲ್ಲದ ಕಡಪ ಕಲ್ಲಿನ ಅಡ್ಡೆಗಳು 16,000; ತಾಯಿಯ ಜಗಲಿ 4,000; ಗಾರೆ, ಬಣ್ಣ 15,000. ಒಟ್ಟು 1,27,000. ಉಳಿದ 23,000 ಹಳೆಯ ಗೋಡೆಯೊಳಗೆ ಕಾಣದೆ ಕುಳಿತಿರುವ ತೊಂದರೆಗಳಿಗೆ ಮೀಸಲು. ನನ್ನ ಯೋಜನೆಯಲ್ಲಿ ಆ ಮೀಸಲೇ ಇರಲಿಲ್ಲ; ಹಣದ ಬಹುಭಾಗ ಬಂದವರು ಬಾಗಿಲಲ್ಲಿ ನಿಂತು ನೋಡುವ ವಸ್ತುಗಳಿಗೆ ಹೋಗಿತ್ತು. ಒಳಗೆ ನಿಲ್ಲುವವರ ಬೆನ್ನು, ಕಣ್ಣು, ಉಸಿರುಗಳ ಪಾಲಿಗೆ ಚಿಲ್ಲರೆ ಉಳಿದಿತ್ತು.

ದಸರೆಯ ರಜೆಯಲ್ಲಿ ಕೆಲಸ ಆರಂಭ. ಮೇಸ್ತ್ರಿ ಗೋಡೆಯ ಮೇಲೆ 33 ಇಂಚಿಗೆ ಸೀಮೆಸುಣ್ಣದ ಗೆರೆಯೊಂದನ್ನು ಎಳೆದು ಹೋಗಿದ್ದಾನೆ. ನಾನು ಐದಡಿ ಒಂಬತ್ತಿಂಚಿನವನು. ಗೆರೆಯ ಮುಂದೆ ನಿಂತು, ಚಪಾತಿ ಲಟ್ಟಿಸುವವನಂತೆ ಕೈಯಾಡಿಸಿ, ನನಗೆ ಇದು ತೀರ ತಗ್ಗಾಯಿತೆಂದೆ.

“ನೀವೂ ದಿನಾ ನಿಲ್ಲೋದಾದರೆ ಹೇಳಿ; ಒಂದಿಂಚು ಏರಿಸೋಣ” ಎಂದಳು.

ಬೇಡವೆಂದೆ. ಗೆರೆ ಇದ್ದಲ್ಲಿಯೇ ಇರಲಿ. ಹದಿನೆಂಟು ವರ್ಷ ಅವಳು ಮಣೆಯ ಮೇಲೆ ಹತ್ತಿ ನಿಂತಿದ್ದಾಳೆ; ಇನ್ನು ಮುಂದೆ ನಾನು ಸ್ವಲ್ಪ ಬಗ್ಗುವುದನ್ನು ಕಲಿಯಬಹುದು. ಅದಕ್ಕೆ ಆಯವ್ಯಯದಲ್ಲಿ ಪ್ರತ್ಯೇಕವಾಗಿ ಏನನ್ನೂ ತೆಗೆದಿಡಬೇಕಾಗಿಲ್ಲ.